ಕೊಟ್ಟಷ್ಟೂ ಕೊಬ್ಬಿದ ಕಪ್ಪುಕುಳಿ

ಡರ್ಬನ್ನಿನ ನಮ್ಮ ಗಣಿತ ವಿಭಾಗದಲ್ಲಿ ಜಿಬುಯಿಲೆ ಥಬೇಥೆ ನಕ್ಕರೆ ಬಂದರಿನ ಹಡಗುಗಳು ಲಂಗರು ಕಿತ್ತುಕೊಂಡು ಓಡುತ್ತಿದ್ದವು. ನಮಗೆಲ್ಲ ಆಕೆ ಮಾಥಬೇಥೆ, ಅಂದರೆ ಥಬೇಥೆಯಮ್ಮ. ಅರ್ಧ ಊರಿಗೆ ಗಣಿತ ಕಲಿಸಿ, ಮೊಮ್ಮಕ್ಕಳಾದ ಮೇಲೆ ಪಿಎಚ್.ಡಿ.ಗೆ ಕೂತವಳು. ವಿಷಯ, ಆಕಾಶದಲ್ಲಿ ಗಿರಗಿರ ತಿರುಗುವ ಕಪ್ಪುಕುಳಿ, ಅದೇ ಬ್ಲ್ಯಾಕ್ ಹೋಲ್.

"ಅದರ ನಿಯಮ ನಿನ್ನೆ ಹೆಂಗಿತ್ತೋ ನಾಳೆನೂ ಹಂಗೇ ಇರತ್ತೆ. ಅದಕ್ಕೇ ಅಲ್ಲಿ ಒಟ್ಟು ಶಕ್ತಿ ಕೂಡಲ್ಲ, ಕಳೆಯಲ್ಲ, ತಿಳೀತಾ?" ಎಂದು ಮೀನು ಮಾರುವವಳಿಗೂ ಬಿಡದೆ ಹೇಳುತ್ತಿದ್ದಳು.

ನಮ್ಮಲ್ಲೊಂದು ಪದ್ಧತಿ: ಮೌಖಿಕ ಪರೀಕ್ಷೆಯ ದಿನ ಬೆಳಿಗ್ಗೆ ಚಹಾಕೋಣೆಯ ಹಲಗೆಯ ಮೇಲೆ ಲೆಕ್ಕ ಒಪ್ಪಿಸಬೇಕು. ಪರೀಕ್ಷಕರು ಹರಿದುಹಾಕುವ ಮೊದಲು ನಾವು ಹರಿಯಬೇಕಲ್ಲ! ತನ್ನ ದಿನ ಬಂದಾಗ ಮಾಥಬೇಥೆಯೂ ಬರೆದಳು. ಲೆಕ್ಕದಲ್ಲಿ ಕುಳಿಯ ಬಳಿ ಕಲ್ಲೊಂದು ಎರಡಾಗಿ ಸೀಳಿತು. ಒಂದು ಚೂರು ಒಳಗೆ ಬಿತ್ತು, ಇನ್ನೊಂದು ತಂದದ್ದಕ್ಕಿಂತ ಹೆಚ್ಚು ಶಕ್ತಿ ಹೊತ್ತು ಹೊರಗೆ ಹಾರಿತು. ಆ ಹೆಚ್ಚಿನ ಪಾಲನ್ನು ಕುಳಿ ತನ್ನ ಮೈ ಕರಗಿಸಿ ಕೊಡಬೇಕು. ಹಲಗೆಯ ಮೇಲೆ ನೋಡಿದರೆ ಕುಳಿಯೂ ದಪ್ಪಗಾಗಿತ್ತು!

ಸಹೋದ್ಯೋಗಿ ಮೂನ್‌ಸಾಮಿ ಬ್ರೆಡ್ಡಿನ ಹೊಟ್ಟೆ ಕೊರೆದು ತುಂಬಿದ ಬನ್ನಿಚೌ ಸಾರಿನಲ್ಲಿ ಬೆರಳು ಅದ್ದಿಕೊಂಡೇ ಕುಣಿದ. "ಅಕ್ಕಾ, ಬಿಟ್ಟಿ ಶಕ್ತಿ! ಒಂದು ವೈರ್ ಎಳ್ಕೊಂಡ್ರೆ ಸಾಕು, ಇನ್ಮೇಲೆ ಕರೆಂಟ್ ಹೋಗೋ ಮಾತೇ ಇಲ್ಲ!"

"ಬಾಯ್ಮುಚ್ಚೋ! ಮಧ್ಯಾಹ್ನ ಆ ಕೇಪ್‌ಟೌನ್ ಪರೀಕ್ಷಕಿ ಇದನ್ನ ನೋಡಿದ್ರೆ ನನ್ನ ಪದವಿನೂ ಅದೇ ಕುಳಿಗೆ."

ಎಲ್ಲರೂ ಹಲಗೆಗೆ ಮುಗಿಬಿದ್ದೆವು. ಸೀಮೆಸುಣ್ಣದ ಧೂಳಿಗೆ ಸಮುದ್ರದ ತಿಮಿಂಗಿಲಗಳೂ ಸೀನಿದವಂತೆ. ಕೊನೆಗೆ ಕಿರುಚಿದವಳು ಆಕೆಯೇ: "ನನ್ನ ತಲೆಗಿಷ್ಟು! ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಕಾಲಕ್ಕೆ ಮೈನಸ್, ನಾಲ್ಕರಲ್ಲಿ ಪ್ಲಸ್!"

ನಮ್ಮ ಕಸುಬಿನಲ್ಲಿ ಎರಡು ಪಂಗಡ. ದೂರ ಅಳೆಯುವ ಸೂತ್ರದಲ್ಲಿ ಒಂದು ಕಾಲಕ್ಕೆ ಮೈನಸ್ ಹಾಕುತ್ತದೆ, ಇನ್ನೊಂದು ಜಾಗಕ್ಕೆ. ಎರಡೂ ಸರಿ, ಬೆರೆಸಿದರೆ ಮಾತ್ರ ಪ್ರಳಯ. ಒಳಗೆ ಬಿದ್ದ ಚೂರಿನ ಶಕ್ತಿ ಸೊನ್ನೆಗಿಂತ ಕೆಳಗಿನದು, ಅದನ್ನು ನುಂಗಿದ ಕುಳಿ ಕರಗಬೇಕು. ಈ ಬೆರಕೆಯಲ್ಲಿ ಅದು ಸೊನ್ನೆಯ ಮೇಲೆ ಹತ್ತಿ ಕೂತಿತ್ತು.

ಮಧ್ಯಾಹ್ನ ಮಾಥಬೇಥೆ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಟ್ಟಳು: "ಮೇಡಂ, ನಾಲ್ಕನೇ ಅಧ್ಯಾಯ ತಪ್ಪು."

ಪರೀಕ್ಷಕಿ ಕನ್ನಡಕ ತೆಗೆದರು. "ಗೊತ್ತು. ಈಗ, ಇಲ್ಲೇ, ಮೊದಲಿಂದ ಮಾಡಿ ತೋರಿಸಿ."

ಆಕೆ ಗೋಡೆ ತುಂಬಾ ಬರೆದಳು. ಕುಳಿ ಸಣ್ಣಗಾಯಿತು. ಹಾರಿದ ಚೂರು ಗಳಿಸಿದ್ದೂ ಕುಳಿ ಕಳೆದುಕೊಂಡದ್ದೂ ಒಂದಕ್ಕೊಂದು ವಜಾ ಆಗಿ, ಕೊನೆಯಲ್ಲಿ ದುಂಡಗೆ ಒಂದು ಸೊನ್ನೆ ಉಳಿಯಿತು.

"ತಿದ್ದಿ ಕಳಿಸಿಕೊಡಿ, ಡಾಕ್ಟರ್ ಥಬೇಥೆ."

ಮಾಥಬೇಥೆ ನಾಲಿಗೆ ಹೊರಳಿಸಿ ಎಬ್ಬಿಸಿದ ಸಂಭ್ರಮದ ಉಲುಲು ಕೂಗಿಗೆ ಪೀಟರ್‌ಮಾರಿಟ್ಜ್‌ಬರ್ಗ್‌ವರೆಗೂ ಹಸುಗಳು ಒಮ್ಮೆಗೇ ಹಾಲು ಸುರಿಸಿದವು. ಪರೀಕ್ಷಕಿಯೂ ತಡೆಯಲಾರದೆ ದನಿಗೂಡಿಸಿದರು, ಅದೂ ಶ್ರುತಿ ತಪ್ಪಿ.