ನಾಲ್ಕು ಪೆಟ್ಟಿಗೆಗಳ ಸರ್

ಮೊನ್ನೆ ಶಹಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ಮಿಕ್ಸರ್ ರಿಪೇರಿಗೆ ಕೊಟ್ಟು ಕೂತಿದ್ದೆ. ಅಂಗಡಿಯವನು ತಂತಿಗೆ ಬೆಸುಗೆ ಹಾಕುವಾಗ ಹೊಗೆ ಎದ್ದಿತು. ಸುಟ್ಟ ರಾಳದ ಆ ವಾಸನೆ ಮೂಗಿಗೆ ಬಿದ್ದದ್ದೇ, ನಮ್ಮ ಕಾಲೇಜಿನ ಫಿಜಿಕ್ಸ್ ಸರ್ ನೆನಪಾದರು...

ನಾನು ಅಲ್ಲಿ ಗಣಿತ ಹೇಳುತ್ತಿದ್ದೆ. ಅವರು ದೋರನಹಳ್ಳಿಯವರು. ತಂದೆ ತಾಯಿ ಇಬ್ಬರೂ ಹೊಲದ ಕೂಲಿಗೆ ಹೋಗಿ ಮಗನನ್ನು ಎಂಎಸ್ಸಿ ಓದಿಸಿದ್ದರು. ಒಂದು ದೊಡ್ಡ ಸಂಶೋಧನಾ ಸಂಸ್ಥೆ ಬೇಡವೆಂದು ತೆಗೆದಿಟ್ಟಿದ್ದ ನಾಲ್ಕು ಕಬ್ಬಿಣದ ಪೆಟ್ಟಿಗೆಗಳನ್ನು ಸರ್ ಕೇಳಿ ತಂದು, ಕಾಲೇಜಿನ ಕಾಂಪೌಂಡಿನ ನಾಲ್ಕು ಮೂಲೆಗೆ ಇಟ್ಟಿದ್ದರು.

ಬಾಹ್ಯಾಕಾಶದಿಂದ ಒಂದೊಂದು ಕಣ ಭಯಂಕರ ವೇಗದಲ್ಲಿ ಬಂದು ಮೇಲಿನ ಗಾಳಿಗೆ ಬಡಿಯುತ್ತದೆಯಂತೆ. ಅದರಿಂದ ಲಕ್ಷಾಂತರ ಕಣಗಳು ಹುಟ್ಟಿ ನೆಲಕ್ಕೆ ಸುರಿಯುತ್ತವೆ. ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಹಲಗೆಯನ್ನು ಕಣ ಹಾಯ್ದರೆ ಸಣ್ಣ ಬೆಳಕು ಮಿಣುಕುತ್ತದೆ. ಒಂದೇ ಪೆಟ್ಟಿಗೆ ಮಿಣುಕಿದರೆ ವಿಶೇಷವಿಲ್ಲ, ಅದು ದಿನವಿಡೀ ಆಗುವಂಥದ್ದು. ನಾಲ್ಕೂ ಒಂದೇ ಕ್ಷಣಕ್ಕೆ ಮಿಣುಕಿದರೆ ದೊಡ್ಡದೊಂದು ಬಂದಿದೆ ಎಂದರ್ಥ. ಅದಕ್ಕಾಗಿ ಸರ್ ವರ್ಷಗಟ್ಟಲೆ ಕಾದರು. ಹೆಗ್ಗಣ ಕಡಿದ ತಂತಿಗೆ ಬೆಸುಗೆ ಹಾಕುವುದು, ಕರೆಂಟು ಹೋದಾಗ ಬ್ಯಾಟರಿ ಹೊರುವುದು, ಮತ್ತೆ ರಿಜಿಸ್ಟರ್‌ನಲ್ಲಿ ಬರೆಯುವುದು. ಪ್ರಿನ್ಸಿಪಾಲರು ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಆಮೇಲೆ ಕೆನಾಲಿನ ನೀರು ಬಂತು. ಜೋಳ ಬೆಳೆಯುತ್ತಿದ್ದ ಹೊಲಗಳೆಲ್ಲ ಭತ್ತದ ಗದ್ದೆಯಾದವು, ಕಾಂಪೌಂಡಿನ ಗೋಡೆಯವರೆಗೂ ನೀರು ನಿಂತಿತು. ಅದೇ ವರ್ಷ ಸರ್‌ಗೆ ಬೇಕಾದದ್ದೂ ಸಿಕ್ಕಿತು. ನಾಲ್ಕೂ ಪೆಟ್ಟಿಗೆಗಳು ಒಟ್ಟಿಗೆ ಮಿಣುಕತೊಡಗಿದವು. ಒಂದು ಸಲವಂತೂ ಅವು ಎಷ್ಟು ಜೋರಾಗಿ ಮಿಣುಕಿದವೆಂದರೆ, ಸರ್ ಸ್ಟಾಫ್ ರೂಮಿನವರಿಗೆಲ್ಲ ಚಹಾ ತರಿಸಿದರು. ಎರಡು ವರ್ಷ ಕಳೆದ ಮೇಲೆ ರಿಜಿಸ್ಟರಿನ ಪ್ರತಿಯೊಂದಿಗೆ ಸಂಸ್ಥೆಗೆ ಪತ್ರ ಹೋಯಿತು. ಅದನ್ನು ನೋಡಿ ಇಲ್ಲೊಂದು ಕಾಯಂ ಕೇಂದ್ರ ಮಾಡುವ ವಿಚಾರವಿದೆ ಎಂದು ಸಂಸ್ಥೆಯವರು ಬರೆದರು, ಬರುವ ದಿನವನ್ನೂ ತಿಳಿಸಿದರು.

ಅವರು ಬರುವ ಹಿಂದಿನ ದಿನ ಮಧ್ಯಾಹ್ನ ಸರ್ ನನ್ನನ್ನು ಲ್ಯಾಬಿಗೆ ಕರೆದರು. ಪೆಟ್ಟಿಗೆಗಳಿಗೆ ಕರೆಂಟು ಹಂಚುವ ಬೋರ್ಡಿನ ಹತ್ತಿರ ಒಂದು ಒದ್ದೆ ಗೋಣಿಚೀಲ ಹಿಡಿದರು. ಸ್ವಲ್ಪ ಹೊತ್ತಿಗೆ ಬೋರ್ಡಿನಲ್ಲಿ ಚಿಟ್ಟೆಂದಿತು. ಪೆಟ್ಟಿಗೆಗಳ ಮಿಣುಕು ತೋರಿಸುವ ನಾಲ್ಕೂ ಮೀಟರುಗಳ ಮುಳ್ಳುಗಳು ಒಟ್ಟಿಗೆ ಹಾರಿದವು.

“ನೋಡಿದ್ರೇನ್ರಿ ಮೇಡಂ? ಮ್ಯಾಲಿಂದ ಬಂದದ್ದಲ್ರಿ ಇದು. ಕೆನಾಲಿಂದ ಬಂದದ್ದು.”

ಗಾಳಿಯ ತೇವಕ್ಕೆ ಬೋರ್ಡಿನಲ್ಲಿ ಕಿಡಿ ಹಾರುತ್ತಿತ್ತು. ಎರಡು ವರ್ಷದ ಲೆಕ್ಕದಲ್ಲಿ ಯಾವುದು ಕಣ, ಯಾವುದು ಕಿಡಿ ಎಂದು ಬೇರ್ಪಡಿಸುವ ದಾರಿಯೇ ಇರಲಿಲ್ಲ. ನನಗೆ ಅವರ ಮುಖ ನೋಡಲಾಗಲಿಲ್ಲ.

“ಯಾರಿಗ್ ಗೊತ್ತಾಗ್ತದ್ರಿ ಸರ್? ಕೊಟ್ಟು ಬಿಡ್ರಿ. ಕೇಂದ್ರ ಆದ್ಮ್ಯಾಲ ಬೋರ್ಡ್ ಬದಲಿ ಮಾಡಿದ್ರಾತು,” ಎಂದೆ.

“ನನಗ ಗೊತ್ತಾಗ್ಯದಲ್ರಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು.

ನನ್ನೆದುರಿಗೇ ರಿಜಿಸ್ಟರ್ ತೆಗೆದು ಪುಟದಿಂದ ಪುಟಕ್ಕೆ ಗೀಟು ಎಳೆಯುತ್ತ ಹೋದರು. ಚಹಾ ತರಿಸಿದ ದಿನದ ಪುಟ ಬಂದಾಗ ಕೈ ಸ್ವಲ್ಪ ನಿಂತಿತು... ಅದಕ್ಕೂ ಎಳೆದರು.

ಮರುದಿನ ಬಂದವರಿಗೆ ಎಲ್ಲವನ್ನೂ ಹೇಳಿದರು. ಅವರು ಒಳ್ಳೆಯವರೇ, ಸರ್‌ರ ಕೈಕುಲುಕಿ ಹೊಗಳಿದರು. ಆದರೆ ಇಷ್ಟು ತೇವದ ಜಾಗ ಆಗದು ಎಂದು ಪೆಟ್ಟಿಗೆಗಳನ್ನು ಗಾಡಿಗೆ ಏರಿಸಿಕೊಂಡು ಹೋದರು. ಅಂದಿನಿಂದ ಸರ್ ಪಾಠ ಹೇಳಿದರು, ಪೇಪರು ತಿದ್ದಿದರು, ಐದಕ್ಕೆ ಬಸ್ಸು ಹತ್ತಿದರು. ಕಣದ ಮಾತು ಮತ್ತೆ ಎತ್ತಲಿಲ್ಲ. ನನ್ನೊಂದಿಗೆ ಮೊದಲಿನಂತೆಯೇ ಮಾತಾಡುತ್ತಿದ್ದರು. ನನಗೇ ಅವರೆದುರು ಕೂರಲು ಆಗುತ್ತಿರಲಿಲ್ಲ.

ರಿಪೇರಿ ಅಂಗಡಿಯಿಂದ ಮನೆಗೆ ಬಂದವಳು ಹಳೆಯ ಡೈರಿಯಲ್ಲಿ ನಂಬರ್ ಹುಡುಕಿ ಫೋನು ಮಾಡಿದೆ. ಎತ್ತಿದ್ದು ಅವರ ಹೆಂಡತಿ.

“ಅವ್ರು ಹೋಗಿ ಎಂಟ್ ತಿಂಗಳಾತ್ರಿ ಅಕ್ಕಾ. ನಿಮಗ್ಯಾರೂ ಹೇಳಿಲ್ಲೇನ್ರಿ? ಗಣಿತದ ಮೇಡಂ ಭಾಳ ಛಲೋ ಮಂದಿ ಅಂತ ಯಾವಾಗ್ಲೂ ಅಂತಿದ್ರು. ಬರ್ರಿ ಒಂದಿನ ಮನಿಗಿ.”

ಬರ್ತೀನ್ರಿ ಎಂದೆ. ದೋರನಹಳ್ಳಿಗೆ ಇಲ್ಲಿಂದ ಬಸ್ಸಿನಲ್ಲಿ ಅರ್ಧ ತಾಸೂ ಇಲ್ಲ. ದಿನಾ ಬೆಳಿಗ್ಗೆ ಹೋಗಬೇಕೆಂದುಕೊಳ್ಳುತ್ತೇನೆ. ಇನ್ನೂ ಹೋಗಿಲ್ಲ.