ಮೊಳೆ ಇಲ್ಲದ ಮೇಜು

ಇವತ್ತು ಮೊಮ್ಮಗ ಅಂಗಳದಲ್ಲಿ ಬೇವಿನ ಹಲಗೆಗೆ ಹತ್ತರಿ ಹೊಡೆದು ನುಣುಪು ಮಾಡುತ್ತಿದ್ದ. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ನಾನು ಸಿರುಗುಪ್ಪದ ನಮ್ಮ ಹಿತ್ತಿಲಿನಲ್ಲಿದ್ದೆ.

ಅಪ್ಪನದು ಕಿರಾಣಿ ಅಂಗಡಿ; ಬಡಗಿತನ ಬರೀ ಹುಚ್ಚು. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದರೆ ಊಟಕ್ಕೂ ಮೊದಲು ಉಳಿ ಹಿಡಿಯುತ್ತಿದ್ದರು. ಮೊಳೆ ಹೊಡೆಯುವುದೆಂದರೆ ಅವರಿಗೆ ಅವಮಾನ. ಮೇಜಿನದೋ ಸ್ಟೂಲಿನದೋ ಕಾಲಿಗೆ ತೂತು ಕೊರೆದು, ಅಡ್ಡಪಟ್ಟಿಯ ತುದಿಯನ್ನು ಅದರಲ್ಲಿ ಬಿಗಿಯಾಗಿ ಕೂರಿಸಿ ಕೂಟ ಮಾಡಬೇಕು. ಆದರೆ ಹಸಿ ಬೇವಿನಲ್ಲಿ ಮಾಡಿದ ಮೊದಲ ಸ್ಟೂಲು ನಮ್ಮ ಸೀಮೆಯ ಬಿಸಿಲಿಗೆ ಒಣಗಿ, ಕೂಟ ಸಡಿಲಾಗಿ, ಅಜ್ಜಿಯನ್ನು ಕೆಡವಿತ್ತು.

ಹಾಗಾಗಿ ನನ್ನನ್ನು ಬಳ್ಳಾರಿಯ ಹೈಸ್ಕೂಲಿಗೆ ಕಳಿಸುತ್ತೇನೆಂದು ಅಪ್ಪ ನನಗೊಂದು ಮೇಜು ಮಾಡಲು ಹೊರಟಾಗ ಅಜ್ಜಿ ನಕ್ಕಳು.

"ಲೇ, ನಿನ್ನ ಮೇಜು ಈ ಬ್ಯಾಸಿಗಿ ದಾಟಿ ಅಲ್ಲಾಡದಂಗ ನಿಂತ್ರ ಹುಡುಗಿ ಹೋಗ್ಲಿ. ಇಲ್ಲಾಂದ್ರ ಒಲಿ ಮುಂದ ಕುಂದರ್ಲಿ."

"ಆಗ್ಲಿ ಬಿಡವ್ವಾ."

ಈ ಸಲ ಅಪ್ಪ, ಕುಸಿದುಹೋಗಿದ್ದ ಕೊಟ್ಟಿಗೆಯ ಹಳೇ ಒಣ ಕಂಬವನ್ನು ಸೀಳಿದರು. ಬೇಸಿಗೆಯಿಡೀ ನಾನು ಮೇಜಿನ ಕಾಲು ಅಲ್ಲಾಡಿಸಿ ನೋಡುತ್ತಲೇ ಇದ್ದೆ.

ಶಾಲೆ ತೆರೆಯುವ ಹೊತ್ತಿಗೆ ಅಜ್ಜಿ ತಾನೇ ಮೇಜು ಹತ್ತಿ, ಎಡಕ್ಕೂ ಬಲಕ್ಕೂ ತೂಗಿದಳು. ಮೇಜು ಕಿರ್ ಎನ್ನಲಿಲ್ಲ.

"ಕೈ ಹಿಡದು ಇಳಸೋ," ಎಂದು ಅಪ್ಪನಿಗೆ ಹೇಳಿದಳು. ಇಳಿದವಳೇ ನನ್ನತ್ತ ತಿರುಗಿದಳು: "ಏನ್ ನೋಡ್ತಿ? ಟ್ರಂಕು ತುಂಬ್ಕೋ!"

ಇದನ್ನು ಬರೆಯುತ್ತಿರುವುದು ಅದೇ ಮೇಜಿನ ಮೇಲೆ. ಈಗಷ್ಟೇ ಮೊಮ್ಮಗ ಬಾಗಿಲಲ್ಲಿ ನಿಂತು ಕೇಳಿದ, "ಅಜ್ಜಿ, ಕೂಟ ಬಿಗಿ ಆಗವಲ್ದು. ಒಂದು ಮೊಳಿ ಹೊಡೀಲಾ?"

"ಹೊಡದ್ರ ಈ ಮನಿಯಾಗ ನಿನಗ ಊಟ ಇಲ್ಲ," ಎಂದೆ.

ಉಳಿಯ ಸದ್ದು ಮತ್ತೆ ಕೇಳುತ್ತಿದೆ.