ದೊಡ್ಡಮ್ಮನ ಪಾಲಿನ ಸೊನ್ನೆ

ನಮ್ಮ ದೊಡ್ಡಮ್ಮ ಊರಾಚೆಯ ಹಳೆಯ ಸ್ಮಶಾನದ ಕಾವಲುಗಾರ್ತಿ. ಅಲ್ಲಿ ಕಾಯುವುದೇನು ಬಂತು, ಒಳಗಿದ್ದವರು ಹೊರಗೆ ಬರುವುದಿಲ್ಲ, ಹೊರಗಿದ್ದವರಿಗೆ ಒಳಗೆ ಹೋಗುವ ಆತುರವಿಲ್ಲ ಎಂದು ಜನ ನಗುತ್ತಾರೆ. ನಗಲಿ, ಅವರ ಗಂಟೇನು ಹೋಗುತ್ತದೆ! ಅಜ್ಜ ಮುತ್ತಜ್ಜಂದಿರ ಕಾಲದ ಸಮಾಧಿ ಕಲ್ಲುಗಳ ಪಾಚಿ ಉಜ್ಜಿ, ಅಕ್ಷರ ಕಾಣುವಂತೆ ಇಟ್ಟಿರುವುದು ಅವಳೇ. ಸ್ಮಶಾನದ ಗೇಟಿನ ಎದುರೇ ನನ್ನ ಟೈಲರಿಂಗ್ ಅಂಗಡಿ. ಅವಳ ಪೊರಕೆ ಸದ್ದು ಕೇಳಿದ ಮೇಲೆಯೇ ನನ್ನ ಮಿಷನ್ ಶುರುವಾಗುವುದು.

ದೊಡ್ಡಪ್ಪನೂ ಅಲ್ಲೇ ಇದ್ದಾರೆ, ಬೇಲಿಯ ಮೂಲೆಯಲ್ಲಿ. ಜೀವಮಾನವಿಡೀ ಗಡಿಯಾರ ರಿಪೇರಿ ಮಾಡಿದರೂ ಒಂದು ದಿನ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದವರಲ್ಲ. ಸ್ವಂತ ಮದುವೆಗೇ ತಡವಾಗಿ ಬಂದ ಮಹಾನುಭಾವರು. ಹೋಗುವುದಕ್ಕೆ ಮಾತ್ರ ಅವಸರ ಮಾಡಿದರು. ನಮ್ಮಲ್ಲಿ ಗಂಡ ಹೆಂಡತಿಗೆ ಒಂದೇ ಕಲ್ಲು ಮಾಡಿಸುವುದುಂಟು. ಹಾಗಾಗಿ ದೊಡ್ಡಮ್ಮ ಅವರ ಹೆಸರಿನ ಕೆಳಗೆ ತನ್ನ ಹೆಸರನ್ನೂ ಕೆತ್ತಿಸಿಬಿಟ್ಟಳು. ಹುಟ್ಟಿದ ವರ್ಷ, ಒಂದು ಗೆರೆ, ಆಮೇಲೆ ಖಾಲಿ ಜಾಗ.

ಅಂದಿನಿಂದ ಬಿಪಿ ಮಾತ್ರೆ ಮುಟ್ಟುವುದನ್ನು ಬಿಟ್ಟಳು. ಕೇಳಿದರೆ, "ಜಾಗ ರೆಡಿ ಇದೆ, ಅವರನ್ನ ಇನ್ನೆಷ್ಟು ಕಾಯಿಸ್ಲಿ?" ಎನ್ನುತ್ತಿದ್ದಳು.

"ಜನ್ಮವಿಡೀ ಅವರು ನಿನ್ನ ಕಾಯಿಸಿದ್ರಲ್ಲ, ಈಗ ಅವರು ಕಾಯ್ಲಿ ಬಿಡು" ಎಂದು ನಾನು ಜಗಳ ತೆಗೆಯುತ್ತಿದ್ದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಇವಳನ್ನೂ ಕಳೆದುಕೊಂಡುಬಿಡುತ್ತೇನೆಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಇಂಥ ಹೊತ್ತಿಗೆ ಔಷಧಿ ಅಂಗಡಿಯ ಹುಡುಗಿ ಸ್ಮಶಾನದಲ್ಲಿ ಒಂದು ಆಟ ಹೂಡಿದಳು. ಫೋನಿನಲ್ಲಿ ಒಂದೊಂದೇ ಕಲ್ಲಿನ ಗುರುತು ಬರುತ್ತದೆ. ಆ ಕಲ್ಲು ಹುಡುಕಿ, ಅದರ ಮೇಲಿನ ಸಾವಿನ ವರ್ಷದ ಕೊನೆಯ ಅಂಕಿ ಬರೆದುಕೊಳ್ಳಬೇಕು. ಎಲ್ಲ ಅಂಕಿ ಸೇರಿಸಿದರೆ ಅವಳು ಒಂದು ಡಬ್ಬಿ ಬಚ್ಚಿಟ್ಟ ಜಾಗ ಫೋನೇ ತೋರಿಸುತ್ತದೆ. ಡಬ್ಬಿಯಲ್ಲಿ ಏನೂ ಇಲ್ಲ, ಗುಂಡಿ, ಗೋಲಿ, ಇಂಥದ್ದೇ. ಅದಕ್ಕಾಗಿ ಓದಿದವರು, ಕೆಲಸದಲ್ಲಿರುವವರು ದೂರದೂರದಿಂದ ಬಂದು ಮಂಡಿಯೂರಿ ಕಲ್ಲು ಓದತೊಡಗಿದರು.

ದೊಡ್ಡಮ್ಮನಿಗೆ ಮೊದಲು ಹಿಗ್ಗೋ ಹಿಗ್ಗು. ಎರಡನೇ ವಾರ ಮುಖ ಊದಿಸಿಕೊಂಡು ಅಂಗಡಿಗೆ ಬಂದಳು. "ಎಂಜಲು ಕೈಲಿ ಕಾಗೆ ಓಡಿಸದ ಆ ಸಾಹುಕಾರನ ಕಲ್ಲು ಓದ್ತಾರೆ. ನಮ್ಮ ಯಜಮಾನರ ಕಡೆ ಒಂದು ನರಪಿಳ್ಳೆ ತಿರುಗಿ ನೋಡಲ್ಲ."

ಮಾರನೆಯ ದಿನವೇ ಮರದ ಪೊಟರೆಯಲ್ಲಿದ್ದ ಡಬ್ಬಿ ದೊಡ್ಡಪ್ಪನ ಕಲ್ಲಿನ ಹಿಂದಕ್ಕೆ ಹೋಯಿತು. ಬಂದವರು ಪೊಟರೆಗೆ ಕೈ ಹಾಕುತ್ತಿದ್ದರು, ಇರುವೆ ಕಚ್ಚಿಸಿಕೊಳ್ಳುತ್ತಿದ್ದರು, ಲೆಕ್ಕ ತಪ್ಪಿತೆಂದು ಗಂಡ ಹೆಂಡತಿ ಜಗಳವಾಡುತ್ತಿದ್ದರು. ಆಗ ನಮ್ಮ ದೊಡ್ಡಮ್ಮ ಏನೂ ತಿಳಿಯದವಳ ಹಾಗೆ ಪೊರಕೆ ಹಿಡಿದು ಬರುತ್ತಿದ್ದಳು. "ಡಬ್ಬಿ ಬೇಕಾ? ಬನ್ನಿ. ಮೊದಲು ಈ ಕಲ್ಲು ಓದಿ. ಗಟ್ಟಿಯಾಗಿ ಓದಿ, ಅವರಿಗೆ ಒಂದು ಕಿವಿ ಮಂದ."

ಒಬ್ಬ ಯುವಕ ದೊಡ್ಡಪ್ಪನ ಹೆಸರು ಓದಿ, ಕೆಳಗಿನ ಹೆಸರನ್ನೂ ಓದಿ, "ಇವರು ಯಾರು?" ಎಂದ.

"ನಾನೇ" ಎಂದಳು ದೊಡ್ಡಮ್ಮ.

ಅವನು ಡಬ್ಬಿಯ ಆಸೆಯನ್ನೇ ಬಿಟ್ಟು ಕಾಲಿಗೆ ಬುದ್ಧಿ ಹೇಳಿದ. ಅವನ ಒಂದು ಚಪ್ಪಲಿ ಇವತ್ತಿಗೂ ನನ್ನ ಅಂಗಡಿ ಮುಂದೆ ಬಿದ್ದಿದೆ.

ಅಲ್ಲಿ ಡಬ್ಬಿ ಇಲ್ಲ, ದೆವ್ವ ಇದೆ ಎಂದು ದೂರುಗಳು ಬಂದವು. ಭಾನುವಾರ ಔಷಧಿ ಅಂಗಡಿಯವಳು ಬಂದಳು. ಜಗಳವಾದೀತೆಂದು ಕತ್ತರಿ ಕೆಳಗಿಟ್ಟು ನಾನೂ ಹಿಂದೆಯೇ ಹೋದೆ.

"ಡಬ್ಬಿ ಕೊಡಿ ದೊಡ್ಡಮ್ಮ. ಜನ ಹೆದರ್ತಿದ್ದಾರೆ, ಆಟ ನಿಲ್ಲಿಸ್ತೀನಿ."

ಯಾರಿಗೂ ಸೋಲದ ನಮ್ಮ ದೊಡ್ಡಮ್ಮ ಕಲ್ಲಿನ ಪಕ್ಕ ಕುಸಿದು ಕೂತಳು. "ನಿಲ್ಲಿಸ್ಬೇಡ ಕಣಮ್ಮ. ಬೇರೆಯವರ ಬಾಯಲ್ಲಿ ಅವರ ಹೆಸರು ಕೇಳಿ ಎಷ್ಟು ಕಾಲ ಆಗಿತ್ತು."

ಜಗಳ ಬಿಡಿಸಲು ಹೋದ ನನಗೇ ಅಳು ಬಂದುಬಿಟ್ಟಿತು. ಹುಡುಗಿಯೂ ಮೆತ್ತಗಾದಳು. "ಅವರ ಕಲ್ಲನ್ನ ಬೇಕಂತ ಬಿಟ್ಟಿದ್ದಲ್ಲ. ಅದರಲ್ಲಿ ನಿಮ್ಮ ಹೆಸರೂ ಇದೆ, ಬದುಕಿರೋರನ್ನ ಆಟಕ್ಕೆ ಸೇರಿಸೋಕೆ ಮನಸ್ಸು ಬರಲಿಲ್ಲ. ನಿಮ್ಮ ಕೊನೇ ಅಂಕಿನೂ ಇಲ್ಲ."

"ಅಲ್ಲಿಗೆ ಸೊನ್ನೆ ಹಾಕು" ಎಂದಳು ದೊಡ್ಡಮ್ಮ. "ಸ್ಕೂಲಲ್ಲಿ ಮೇಷ್ಟ್ರು ನಂಗೆ ಯಾವಾಗ್ಲೂ ಅದನ್ನೇ ಹಾಕ್ತಿದ್ರು."

ಹುಡುಗಿ ನಕ್ಕಳು. ಆಮೇಲೆ ಫೋನಿನಲ್ಲಿ ಏನೋ ಲೆಕ್ಕ ಹಾಕಿ ಹೇಳಿದಳು, "ಸರಿ, ಹಾಕ್ತೀನಿ. ಆದ್ರೆ ಒಂದು ಷರತ್ತು. ಆ ಸೊನ್ನೆ ಸೊನ್ನೆಯಾಗೇ ಇರ್ಬೇಕು. ಅಲ್ಲಿ ವರ್ಷ ಬಿದ್ರೆ ಲೆಕ್ಕ ತಪ್ಪಿ, ಬಂದವರೆಲ್ಲ ಬೇಲಿ ಪಕ್ಕದ ಆ ಕೆಸರು ಹೊಂಡಕ್ಕೆ ಹೋಗಿ ಬೀಳ್ತಾರೆ."

ದೊಡ್ಡಮ್ಮ ಹೊಂಡದ ಕಡೆ ನೋಡಿದಳು. ಕಲ್ಲಿನ ಕಡೆ ನೋಡಿದಳು.

ಡಬ್ಬಿ ಮತ್ತೆ ಪೊಟರೆಗೆ ಹೋಯಿತು. ಈಗ ಬಂದವರೆಲ್ಲ ಮೂಲೆಯ ಕಲ್ಲಿಗೂ ಹೋಗಿ, ದೊಡ್ಡಪ್ಪನ ಹೆಸರು ಓದಿ, ಕೆಳಗೆ ಸೊನ್ನೆ ಹಾಕಿಕೊಂಡು ಮುಂದೆ ಹೋಗುತ್ತಾರೆ. ದೊಡ್ಡಮ್ಮ ಬೆಳಿಗ್ಗೆ ಪೊರಕೆ ಹಿಡಿಯುವ ಮುಂಚೆ ನನ್ನ ಅಂಗಡಿಗೆ ಬಂದು ನೀರು ಕೇಳುತ್ತಾಳೆ, ಮುಖ ಕಿವುಚಿಕೊಂಡು ಮಾತ್ರೆ ನುಂಗುತ್ತಾಳೆ. ಆಮೇಲೆ ಅವಳು ನೇರ ಮೂಲೆಗೆ ಹೋಗಿ, ಅವರ ಮಂದ ಕಿವಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುವುದು ರಸ್ತೆಯ ಈಚೆಗೆ ನನಗೂ ಕೇಳಿಸುತ್ತದೆ:

"ನಾನೀಗ ಬಂದ್ರೆ ಇಷ್ಟು ಜನ ದಾರಿ ತಪ್ತಾರೆ. ಕಾಯ್ತಿರಿ. ಕಾಯೋದು ಹೇಗಿರುತ್ತೆ ಅಂತ ನಿಮಗೂ ಗೊತ್ತಾಗ್ಲಿ."